ಗಣಕಯಂತ್ರದ ಕಡತಗಳೂ ಅವುಗಳ ಮರುಪ್ರತಿಗಳೂ

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಸಂಗತಿ ನಮ್ಮ ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಓಲೆಗೆ ಗೆದ್ದಲು, ನೀರು, ಬೆಂಕಿಗಳ ಭಯ ತಪ್ಪಿದ್ದಲ್ಲ. ಆದರೆ ಒಂದೂರಿನ ಪ್ರತಿಯು ನಾಶವಾದರೂ ಇನ್ನೊಂದೂರಿನ ಪ್ರತಿಯು ಉಳಿದೀತು. ಗಣಕಯಂತ್ರದ ಕಡತಗಳನ್ನು ಕಾಪಾಡುವ ಕ್ರಮಕ್ಕೂ ಇದೇ ತತ್ತ್ವವು ಆಧಾರವಾಗಿದೆ. ಕಡತಗಳ ಮರುಪ್ರತಿಯನ್ನು ಬೇರೆಡೆ ತೆಗೆದಿಡುವ ಈ ಕಾರ್ಯಕ್ಕೆ ಬ್ಯಾಕಪ್ ಎಂದು ಹೆಸರು.

ಕಡತಗಳು ನಾಶವಾಗುವುದೇಕೆ? ಹಾರ್ಡ್ ಡಿಸ್ಕಿನಲ್ಲಿ ಮಾಹಿತಿಯು ತಟ್ಟೆಯ ಮೇಲಿನ ಅತಿಸೂಕ್ಷ್ಮವಾದ ಕಾಂತೀಯ ಪ್ರದೇಶಗಳ ರೂಪದಲ್ಲಿರುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸಲ ಸುತ್ತುವ ಆ ತಟ್ಟೆಯ ಮೇಲೆ, ಓದುವ ಮೊನೆಯು ಕೆಲವೇ ನ್ಯಾನೋಮೀಟರುಗಳ ಅಂತರದಲ್ಲಿ ತೇಲುತ್ತಿರುತ್ತದೆ. ಇವೆರಡೂ ತಾಗಿದರೆ ತಟ್ಟೆಯು ಗೀಚಿಹೋಗುತ್ತದೆ. ಪೆನ್ ಡ್ರೈವಿನಲ್ಲಿಯಾದರೋ ಮಾಹಿತಿಯು ಸೆರೆಹಿಡಿದ ಇಲೆಕ್ಟ್ರಾನುಗಳ ರೂಪದಲ್ಲಿದ್ದು, ಕಾಲಕ್ರಮದಲ್ಲಿ ಸೋರಿಹೋಗಬಲ್ಲುದು. ಇವಲ್ಲದೆ ಮನುಷ್ಯನ ಕೈತಪ್ಪು, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ದುಷ್ಟ ತಂತ್ರಾಂಶ, ಕಳವು, ಬೆಂಕಿ ಇವೂ ಉಂಟು.

ಈಗ ಸ್ವಲ್ಪ ಗಣಿತವನ್ನು ನೋಡೋಣ. ಒಂದು ಡಿಸ್ಕು ಒಂದು ವರ್ಷದೊಳಗೆ ಕೆಡುವ ಸಂಭವನೀಯತೆಯು 1/20 ಎಂದು ಉದಾಹರಣೆಗಾಗಿ ಭಾವಿಸೋಣ. ಎರಡು ಡಿಸ್ಕುಗಳೂ ಅದೇ ವರ್ಷದಲ್ಲಿ ಕೆಡುವ ಸಂಭವನೀಯತೆ 1/400; ಮೂರಾದರೆ 1/8000. ಆದರೆ ಈ ಗುಣಾಕಾರವು ಒಂದು ಡಿಸ್ಕು ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧವಿಲ್ಲದಿದ್ದಾಗ ಮಾತ್ರ ಸರಿ. ಮೂರೂ ಒಂದೇ ಕೋಣೆಯಲ್ಲಿದ್ದರೆ, ಒಂದೇ ಬೆಂಕಿಯು ಮೂರನ್ನೂ ಸುಡುತ್ತದೆ.

ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ 2025ರ ಸೆಪ್ಟೆಂಬರ್ 26ರಂದು ಸರ್ಕಾರದ ಮಾಹಿತಿಕೇಂದ್ರಕ್ಕೆ ಬೆಂಕಿ ಬಿದ್ದಿತು. ಸರ್ಕಾರಿ ನೌಕರರು ತಮ್ಮ ಕಡತಗಳನ್ನಿಡುತ್ತಿದ್ದ ಜಿ-ಡ್ರೈವ್ ಎಂಬ ಉಗ್ರಾಣವು ಅಲ್ಲಿಯೇ ಸುಟ್ಟುಹೋಯಿತು. ಅದರಲ್ಲಿದ್ದುದು 858 ಟೆರಾಬೈಟ್ ಮಾಹಿತಿ. ಒಂದು ಟೆರಾಬೈಟ್ ಎಂದರೆ ಲಕ್ಷ ಕೋಟಿ ಬೈಟುಗಳು. ಗಾತ್ರವು ಅತಿಯಾದುದರಿಂದ ಹೊರಗೆ ಮರುಪ್ರತಿಯನ್ನು ಇಟ್ಟಿರಲಿಲ್ಲವೆಂದು ಅಧಿಕಾರಿಗಳು ತಿಳಿಸಿದರು.

ಎರಡು ಡಿಸ್ಕುಗಳಲ್ಲಿ ಏಕಕಾಲಕ್ಕೆ ಬರೆಯುವ ಏರ್ಪಾಡೂ ಉಂಟು. ಒಂದು ಕೆಟ್ಟರೆ ಇನ್ನೊಂದು ಕೆಲಸ ನಡೆಸುತ್ತದೆ. ಆದರೆ ಕೈತಪ್ಪಿ ಒಂದರಲ್ಲಿ ಅಳಿಸಿದುದು ಆ ಕ್ಷಣವೇ ಇನ್ನೊಂದರಲ್ಲಿಯೂ ಅಳಿಯುವುದರಿಂದ ಇದು ಮರುಪ್ರತಿಯೆನಿಸದು. ನಿನ್ನೆಯ, ಕಳೆದ ವಾರದ, ಕಳೆದ ತಿಂಗಳ ಪ್ರತಿಗಳು ಬೇರೆಬೇರೆಯಾಗಿರಬೇಕು.

ವರ್ಚುವಲ್ ಮೆಷೀನ್ ಎಂಬುದು ಒಂದು ಗಣಕಯಂತ್ರದೊಳಗೆ ತಂತ್ರಾಂಶದಿಂದಲೇ ನಿರ್ಮಿತವಾದ ಮತ್ತೊಂದು ಗಣಕಯಂತ್ರ. ಅದರ ಇಡೀ ಡಿಸ್ಕು ಹೊರಗಿನ ಯಂತ್ರದ ದೃಷ್ಟಿಯಲ್ಲಿ ಸಾಮಾನ್ಯವಾಗಿ ಒಂದು ದೊಡ್ಡ ಕಡತ. ಅದನ್ನು ನಕಲು ಮಾಡಿದರೆ ಸಾಕಲ್ಲವೆ? ಯಂತ್ರವು ಓಡುತ್ತಿರುವಾಗ ಸಾಲದು. ನಕಲಿಗೆ ಒಂದು ಗಂಟೆ ಹಿಡಿದರೆ, ಮೊದಲ ಭಾಗವು ಹತ್ತು ಗಂಟೆಯ ಸ್ಥಿತಿಯನ್ನೂ ಕಡೆಯ ಭಾಗವು ಹನ್ನೊಂದು ಗಂಟೆಯ ಸ್ಥಿತಿಯನ್ನೂ ತೋರಿಸುತ್ತದೆ. ಈ ನಡುವೆ ರಾಮನ ಖಾತೆಯಿಂದ ಸೋಮನ ಖಾತೆಗೆ 500 ರೂಪಾಯಿ ಹೋಗಿದ್ದರೆ, ನಕಲಿನಲ್ಲಿ ಆ ಹಣವು ಇಬ್ಬರಲ್ಲಿಯೂ ಕಾಣಬಹುದು! ಆದುದರಿಂದ ಯಂತ್ರವನ್ನು ನಿಲ್ಲಿಸಬೇಕು; ಇಲ್ಲವೆ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ತೆಗೆದು, ಅದರಿಂದ ನಕಲು ಮಾಡಬೇಕು. ಸ್ನ್ಯಾಪ್‌ಶಾಟೇ ಮರುಪ್ರತಿಯೆಂದು ಭ್ರಮಿಸಬಾರದು. ಅದು ಮೂಲ ಡಿಸ್ಕನ್ನೇ ಅವಲಂಬಿಸಿರುವುದರಿಂದ, ಡಿಸ್ಕು ಹೋದರೆ ಅದೂ ಹೋಗುತ್ತದೆ.

ಅನುಭವಿಗಳು ಇವೆಲ್ಲವನ್ನೂ 3–2–1 ಎಂಬ ಸೂತ್ರದಲ್ಲಿ ಅಡಗಿಸಿದ್ದಾರೆ: ಮೂಲವೂ ಸೇರಿ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಒಂದು ಪ್ರತಿ ಬೇರೆ ಸ್ಥಳದಲ್ಲಿ.

ಇಷ್ಟರಿಂದಲೇ ನಿಶ್ಚಿಂತರಾಗುವಂತಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ತಂತ್ರಜ್ಞರೊಬ್ಬರು ತಪ್ಪಾದ ಯಂತ್ರದಲ್ಲಿ ಆಜ್ಞೆಯನ್ನಿತ್ತು ಮುಖ್ಯ ದತ್ತಾಂಶವನ್ನೇ ಅಳಿಸಿದರು. ಅಲ್ಲಿ ಐದು ಬಗೆಯ ರಕ್ಷಣೋಪಾಯಗಳಿದ್ದರೂ ಒಂದನ್ನೂ ನೆಚ್ಚುವಂತಿರಲಿಲ್ಲ. ಬೇರೊಂದು ಕೆಲಸಕ್ಕಾಗಿ ಸುಮಾರು ಆರು ಗಂಟೆಗಳ ಮೊದಲು ಆಕಸ್ಮಿಕವಾಗಿ ತೆಗೆದಿದ್ದ ಸ್ನ್ಯಾಪ್‌ಶಾಟು ಸಂಸ್ಥೆಯ ಮಾನವನ್ನುಳಿಸಿತು. ಆ ಆರು ಗಂಟೆಗಳಲ್ಲಿ ಸೇರಿದ ದತ್ತಾಂಶವು ಮಾತ್ರ ಮರಳಲಿಲ್ಲ.

ವಿಜ್ಞಾನದಲ್ಲಿ ಪ್ರಯೋಗದಿಂದ ಪರೀಕ್ಷಿಸದ ಊಹೆಯನ್ನು ನಾವು ನಿಯಮವೆಂದು ಒಪ್ಪುವುದಿಲ್ಲ. ವಿದ್ಯಾರ್ಥಿಗಳು ಈ ವಾರವೇ ತಮ್ಮ ಮರುಪ್ರತಿಯಿಂದ ಒಂದು ಕಡತವನ್ನು ಬೇರೊಂದು ಯಂತ್ರಕ್ಕೆ ಮರಳಿಸಿ, ತೆರೆದು, ಮೂಲದೊಡನೆ ಹೋಲಿಸಿ ನೋಡಲಿ. ಅದು ತೆರೆಯದಿದ್ದರೆ, ಮೂಲವು ಇನ್ನೂ ಕೈಯಲ್ಲಿರುವಾಗಲೇ ದೋಷವನ್ನು ತಿದ್ದಿಕೊಳ್ಳಬಹುದು.