ಜುಲೈ 6ರಂದು ಕಟ್ಟದೇ ಕಟ್ಟಿದ ಬಿಲ್ಲು

ಕ್ರೆಡಿಟ್ ಕಾರ್ಡ್ ಬಿಲ್ಲಿಗೆ ಹಾಕಿದ್ದ ಆಟೋ ಡೆಬಿಟ್ಟನ್ನು 2023ರ ಮೇ ತಿಂಗಳಲ್ಲಿ ನಾನೇ ಕೈಯಾರೆ ತೆಗೆಸಿದೆ. ಮನೆ ಲೆಕ್ಕ ಬರೆದಿಡುವ ತಂತ್ರಾಂಶವೊಂದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಹದಿನೈದು ದಿನವಾಗಿತ್ತು. ಇನ್ನು ದುಡ್ಡು ನನ್ನ ಕಣ್ಣು ತಪ್ಪಿಸಿ ಎಲ್ಲಿಗೂ ಹೋಗಬಾರದು, ಪ್ರತಿಯೊಂದೂ ನನ್ನ ಕೈ ದಾಟಿಯೇ ಹೋಗಬೇಕು ಎಂಬ ಹುಮ್ಮಸ್ಸು. ಆ ಹುಮ್ಮಸ್ಸಿಗೆ ತೆತ್ತ ಬೆಲೆ 4,873 ರೂಪಾಯಿ.

ಮೇ ಕೊನೆಯವರೆಗಿನ ವಹಿವಾಟನ್ನೆಲ್ಲ ಕೂತು ಟೈಪ್ ಮಾಡಿದ್ದೆ. ಹಾಲಿಗೆ ಯುಪಿಐ, ಸೊಪ್ಪಿಗೆ ಯುಪಿಐ, 12 ರೂಪಾಯಿ ಟೀಗೂ ಯುಪಿಐ. ಬೆರಳು ಸೋತವು. ಜೂನ್‌ನಿಂದ ಫೈಲನ್ನೇ ಇಂಪೋರ್ಟ್ ಮಾಡೋಣವೆಂದು ಜುಲೈ 7ರ ರಾತ್ರಿ ನೆಟ್ ಬ್ಯಾಂಕಿಂಗಿನಿಂದ ಜೂನ್ 1ರಿಂದ ಈಚಿನ ಸ್ಟೇಟ್‌ಮೆಂಟನ್ನು ಸಿಎಸ್‌ವಿಯಾಗಿ ಇಳಿಸಿಕೊಂಡೆ. ಯಾವ ಕಾಲಂ ತಾರೀಕು, ಯಾವುದು ವಿವರ, ಯಾವುದು ಡೆಬಿಟ್ ಎಂದು ತಂತ್ರಾಂಶ ಕೇಳಿತು, ತೋರಿಸಿದೆ. ತಾರೀಕಿನ ಮಾದರಿ ಕೇಳುವ ಚೌಕವೂ ಪಕ್ಕದಲ್ಲೇ ಇತ್ತು. ಅದರಲ್ಲಿ ಮೊದಲೇ ಏನೋ ತುಂಬಿತ್ತು, ಮುಟ್ಟಲಿಲ್ಲ. ತುಂಬಿದ್ದದ್ದು ಅಮೆರಿಕದವರ ಪದ್ಧತಿ: ತಿಂಗಳು ಮೊದಲು, ದಿನ ಆಮೇಲೆ.

13/06 ಎಂಬ ಸಾಲು ಬಂದ ಕೂಡಲೇ ಅದಕ್ಕೆ ದಿಕ್ಕು ತಪ್ಪಿತು. ವರ್ಷದಲ್ಲಿ ಹದಿಮೂರನೇ ತಿಂಗಳು ಎಲ್ಲಿಂದ ಬರಬೇಕು? ಅಲ್ಲಿಂದ ಜೂನ್ 30ರವರೆಗೆ ಸಾಲುಗಳೆಲ್ಲ ಕೆಂಪಾದವು. ದೋಷವಿರುವ ಸಾಲುಗಳನ್ನು ಬಿಟ್ಟು ಮುಂದುವರಿಯಲೇ ಎಂದು ಕೇಳಿತು. ಗಂಟೆ ಹನ್ನೊಂದೂವರೆ. ಬಿಡು ಅಂದೆ.

ಕೆಡುಕಿದ್ದದ್ದು ಕೆಂಪಾಗದೆ ಉಳಿದ ಸಾಲುಗಳಲ್ಲಿ. 01/06 ಜನವರಿ 6 ಆಯಿತು, 02/06 ಫೆಬ್ರವರಿ 6. ಜೂನ್ ತಿಂಗಳ ಮೊದಲ 12 ದಿನಗಳ ಖರ್ಚು ಸಂಕಷ್ಟಿಯ ಹಾಗೆ ತಿಂಗಳಿಗೊಂದರಂತೆ ಇಡೀ ವರ್ಷಕ್ಕೆ ಹಂಚಿಹೋಯಿತು. 12/06ರ ಗ್ಯಾಸ್ ಸಿಲಿಂಡರು ಇನ್ನೂ ಬಾರದ ಡಿಸೆಂಬರಿನಲ್ಲಿ ಹೋಗಿ ಕೂತಿತು. 06/06ರದ್ದು ಮಾತ್ರ ಅದೃಷ್ಟಕ್ಕೆ ತನ್ನ ಜಾಗದಲ್ಲೇ ಇತ್ತು. ಇನ್ನು 07/06: ಹಿಂದಿನ ಕಾರ್ಡ್ ಬಿಲ್ಲಿಗೆಂದು ಜೂನ್ 7ರಂದು ಕಟ್ಟಿದ್ದ 40,180 ರೂಪಾಯಿ. ಅದು ಜುಲೈ 6ರಂದು ಕಟ್ಟಿದಂತೆ ದಾಖಲಾಯಿತು.

ಮಾರನೇ ದಿನ ಬೆಳಿಗ್ಗೆ ನನ್ನ ಹೆಂಡತಿ ಕೇಳಿದಳು, "ಕಾರ್ಡ್ ಬಿಲ್ ಕಟ್ಟಿದ್ರಾ? ಇವತ್ತೇ ಕಡೇ ದಿನ ಅಲ್ವಾ?"

"ಮೊನ್ನೆನೇ ಕಟ್ಟಿದೀನಿ, ಬೇಕಾದ್ರೆ ನೋಡು," ಎಂದು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ.

ಮೊನ್ನೆ ಕಟ್ಟಿದ ನೆನಪೇನೂ ತಲೆಯಲ್ಲಿರಲಿಲ್ಲ. ಸ್ಕ್ರೀನಿನಲ್ಲಿ ಇದ್ದದ್ದರಿಂದ ನೆನಪೂ ಹುಟ್ಟಿಕೊಂಡಿತು. ಹೊಸ ಬಿಲ್ಲು 42,600, ಕಟ್ಟಿದಂತೆ ಕಂಡದ್ದು 40,180. ಎರಡೂ ನಲವತ್ತು ಚಿಲ್ಲರೆ ಸಾವಿರ, ಮೊತ್ತವನ್ನು ಯಾರು ಹೋಲಿಸುತ್ತಾರೆ? ಬ್ಯಾಂಕಿನಿಂದ ಎಸ್ಸೆಮ್ಮೆಸ್ ಕೂಡ ಬಂದಿತ್ತು. ಅದರ ಕೊನೆಯಲ್ಲಿ ಈಗಾಗಲೇ ಪಾವತಿಸಿದ್ದರೆ ಈ ಸಂದೇಶವನ್ನು ನಿರ್ಲಕ್ಷಿಸಿ ಎಂದಿತ್ತು. ನಿರ್ಲಕ್ಷಿಸಿದೆ.

ಮುಂದಿನ ಸ್ಟೇಟ್‌ಮೆಂಟ್ ಜುಲೈ 18ರದ್ದು. ಅದನ್ನು ನೋಡಿ ಎದೆ ಧಸಕ್ಕೆಂದು, ಪೂರ್ತಿ ಹಣ ಕಟ್ಟಿದ್ದು 21ಕ್ಕೆ. ತಡವಾದದ್ದು 13 ದಿನ. ಬಡ್ಡಿ ತಿಂಗಳಿಗೆ ಶೇ 3.5, ಅಂದರೆ ವರ್ಷಕ್ಕೆ ಶೇ 42. ಮನಸ್ಸಿನಲ್ಲೇ ಗುಣಿಸಿದೆ: 42,600ಕ್ಕೆ 13 ದಿನದ ಬಡ್ಡಿ 637 ರೂಪಾಯಿ. ಹೋಗಲಿ, ಒಂದು ಸಲ ಹೋಟೆಲಿಗೆ ಹೋದಷ್ಟು.

ಕಾರ್ಡಿನ ಲೆಕ್ಕ ಹಾಗಿರುವುದಿಲ್ಲ. ಗಡುವಿನೊಳಗೆ ಬಿಲ್ಲು ಪೂರ್ತಿ ಸಂದಾಯವಾಗದಿದ್ದರೆ ಬಡ್ಡಿರಹಿತ ಅವಧಿಯೇ ರದ್ದು. ಬಡ್ಡಿ ಗಡುವಿನಿಂದಲ್ಲ, ಖರೀದಿಸಿದ ದಿನದಿಂದ ಓಡುತ್ತದೆ. ಮೇ 22ರಂದು ಕೊಂಡ ಫ್ರಿಜ್ 24,000: ಜುಲೈ 21ಕ್ಕೆ 60 ದಿನ, ಬಡ್ಡಿ 1,657. ಜೂನ್ 3ರ ಸ್ಕೂಲ್ ಫೀ 12,000: 48 ದಿನ, 663. ಜೂನ್ 12ರ ದಿನಸಿ, ಪೆಟ್ರೋಲು ಇತ್ಯಾದಿ 6,600: 39 ದಿನ, 296. ಇಲ್ಲಿಗೆ 2,616. ಮುಗಿಯಲಿಲ್ಲ. ಜುಲೈ 1ರಂದು ಅದೇ ಕಾರ್ಡಿನಲ್ಲಿ ಕಟ್ಟಿದ 18,000 ರೂಪಾಯಿ ವಿಮೆ ಪ್ರೀಮಿಯಂ ಹಳೇ ಬಿಲ್ಲಿಗೆ ಸೇರಿದ್ದೇ ಅಲ್ಲ. ಆದರೂ ಅದಕ್ಕಿದ್ದ ಬಡ್ಡಿರಹಿತ ಅವಧಿಯೂ ಹೋಯಿತು: 20 ದಿನ, 414. ಬಡ್ಡಿ ಒಟ್ಟು 3,030. ತಡಪಾವತಿ ಶುಲ್ಕ 1,100. ಎರಡರ ಮೇಲೂ ಶೇ 18 ಜಿಎಸ್‌ಟಿ, 743. ಎಲ್ಲ ಕೂಡಿ 4,873. ಎರಡು ಬಿಲ್ಲುಗಳಲ್ಲಿ ಹರಿದು ಹಂಚಿ ಬಂದದ್ದರಿಂದ ಒಟ್ಟು ಮಾಡುವವರೆಗೆ ಗೊತ್ತೇ ಆಗಿರಲಿಲ್ಲ.

ಇಂಪೋರ್ಟ್ ಮಾಡಿದ ರಾತ್ರಿಯೇ ಒಂದು ಸುಳಿವು ಸಿಕ್ಕಿತ್ತು. ಬ್ಯಾಂಕಿನ ಬ್ಯಾಲೆನ್ಸಿಗೂ ತಂತ್ರಾಂಶದ್ದಕ್ಕೂ 11,218 ರೂಪಾಯಿ ವ್ಯತ್ಯಾಸ. ನಾನು ಮಾಡಿದ್ದೇನು? 'ಹೊಂದಾಣಿಕೆ' ಎಂದು ಬರೆದು ಅಷ್ಟೇ ಮೊತ್ತದ ಎಂಟ್ರಿ ಹಾಕಿ ಸರಿಮಾಡಿದೆ. ನಮ್ಮ ಮಾವ ಶಿವಮೊಗ್ಗ ಕಡೆಯ ಸೊಸೈಟಿಯೊಂದರಲ್ಲಿ ಮೂವತ್ತು ವರ್ಷ ಕಿರ್ದಿ ಬರೆದವರು. ಇದನ್ನು ಕೇಳಿ ಅವರು ಬಯ್ಯಲಿಲ್ಲ, ಬಯ್ದಿದ್ದರೆ ವಾಸಿಯಿತ್ತು. "ಒಂಬತ್ತರಲ್ಲಿ ಭಾಗ ಹೋಗ್ತದಾ ನೋಡಿದ್ರಾ?" ಅಂದರು. ಶಿಲ್ಕು ತಾಳೆಯಾಗದಾಗ ವ್ಯತ್ಯಾಸ ಒಂಬತ್ತರಲ್ಲಿ ಭಾಗ ಹೋದರೆ ಅಂಕಿ ಅದಲುಬದಲಾಗಿರಬಹುದು, 54ರ ಜಾಗದಲ್ಲಿ 45 ಬಿದ್ದ ಹಾಗೆ. ಎರಡರಲ್ಲಿ ಹೋದರೆ ಅದರ ಅರ್ಧದ ಮೊತ್ತ ಜಮೆ ಬದಲು ಖರ್ಚಿಗೆ ಬಿದ್ದಿದೆಯೇ ನೋಡಬೇಕು. ವ್ಯತ್ಯಾಸ ಏನೋ ಹೇಳುತ್ತಿರುತ್ತದೆ, ಅದರ ಬಾಯಿ ಮುಚ್ಚಿಸಬೇಡಿ ಎಂಬುದು ಅವರ ವಾದ. ನಾನು ಮುಚ್ಚಿಸಿದ್ದೆ.

ಇದೆಲ್ಲ ತಪ್ಪಿಸುವ ಉಪಾಯ 1997ರಿಂದಲೇ ಇದೆ. ಮೈಕ್ರೋಸಾಫ್ಟ್, ಇಂಟುಯಿಟ್, ಚೆಕ್‌ಫ್ರೀ ಸೇರಿ ಆ ವರ್ಷ ತಂದ ಒಎಫ್‌ಎಕ್ಸ್ ಮಾದರಿಯಲ್ಲಿ ತಾರೀಕು 20230607 ಎಂದೇ ಇರುತ್ತದೆ, ಗೊಂದಲಕ್ಕೆ ಎಡೆಯಿಲ್ಲ. ಪ್ರತಿ ವಹಿವಾಟಿಗೂ ಅದರದೇ ಗುರುತಿನ ಸಂಖ್ಯೆ ಇರುವುದರಿಂದ ಅದೇ ಫೈಲನ್ನು ಎರಡು ಸಲ ಹಾಕಿದರೂ ಎಂಟ್ರಿ ಎರಡಾಗುವುದಿಲ್ಲ. ನಮ್ಮ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಪಾಸ್‌ವರ್ಡ್ ಹಾಕಿದ ಪಿಡಿಎಫ್, ಇಲ್ಲವೇ ಎಕ್ಸೆಲ್ ಎಂದು ಹೆಸರಿಟ್ಟುಕೊಂಡ, ಒಳಗೆ ನೋಡಿದರೆ ಬರೀ ಪಠ್ಯವಾಗಿರುವ ಫೈಲು. ಸಿಎಸ್‌ವಿ ಸಿಕ್ಕರೂ ಒಮ್ಮೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೆ ಯುಪಿಐನ 12 ಅಂಕಿಯ ರೆಫರೆನ್ಸ್ ನಂಬರು 3.16E+11 ಆಗಿ ಕೂತಿರುತ್ತದೆ. ಫೈಲನ್ನು ಮೊದಲು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ.

ಇಷ್ಟು ತಾಪತ್ರಯ ಯಾಕೆ, ಎಸ್ಸೆಮ್ಮೆಸ್ ಓದಿ ತಾನೇ ಲೆಕ್ಕ ಬರೆಯುವ ಆ್ಯಪ್‌ಗಳಿವೆಯಲ್ಲ ಎಂದು ಗೆಳೆಯರು ಹೇಳುತ್ತಾರೆ. ಹಾಕಿ ನೋಡಿದ್ದೇನೆ. ನನ್ನ ಸಂಬಳ, ಇಎಂಐ, ಔಷಧಿ ಅಂಗಡಿ ಎಲ್ಲವನ್ನೂ ಒಂದು ವಾರ ಓದಿ ಅದು ಕೊಟ್ಟ ಸಲಹೆ: ನಿಮಗೆ ಎರಡು ಲಕ್ಷದ ಸಾಲ ಮಂಜೂರಾಗಿದೆ! ಲೆಕ್ಕ ಬರೆಯುವವನೇ ಸಾಲ ಮಾರಲು ಕೂತರೆ ಅವನು ಯಾರ ಗುಮಾಸ್ತ? ಅದಕ್ಕಿಂತ ಅನಾಹುತದ್ದೆಂದರೆ ಪಿಡಿಎಫನ್ನು ಎಕ್ಸೆಲ್ ಮಾಡಿಕೊಡುವ ಬಿಟ್ಟಿ ತಾಣಗಳು. ಮನೆಯ ಬೀರು ಕೀಲಿಯನ್ನು ದಾರಿಹೋಕನ ಕೈಗೆ ಕೊಡದವರು ಇಡೀ ವರ್ಷದ ಸ್ಟೇಟ್‌ಮೆಂಟನ್ನು, ಪಾಸ್‌ವರ್ಡ್ ಸಮೇತ, ಅಲ್ಲಿಗೆ ಏರಿಸುತ್ತಾರೆ. ನಮ್ಮ ಒಪ್ಪಿಗೆ ಪಡೆದು ಬ್ಯಾಂಕಿನ ಮಾಹಿತಿಯನ್ನು ದಾಟಿಸುವ, ರಿಸರ್ವ್ ಬ್ಯಾಂಕ್ ನಿಯಮದಡಿಯ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ ಇದಕ್ಕಿಂತ ಎಷ್ಟೋ ಮೇಲು, ಒಪ್ಪಿಗೆಯನ್ನು ಹಿಂಪಡೆಯಲಾದರೂ ಬರುತ್ತದೆ.

ವಾರಕ್ಕೊಮ್ಮೆ ಕೂರಬೇಕು, ತಿಂಗಳಿಗೊಮ್ಮೆ ಅಲ್ಲ. ಏಳು ದಿನದ ಖರ್ಚು ನೆನಪಿರುತ್ತದೆ, ಮೂವತ್ತು ದಿನದ್ದು ಇರುವುದಿಲ್ಲ. ರಾತ್ರಿ ಹನ್ನೊಂದರ ಮೇಲೆ ಲೆಕ್ಕ ಮುಟ್ಟಲೇಬಾರದು. ಕಾಫಿ ಕುಡಿಯುತ್ತಾ, ಬ್ಯಾಂಕಿನ ಅಖೈರು ಶಿಲ್ಕನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಆಮೇಲೆ ಇಂಪೋರ್ಟ್ ಒತ್ತಬೇಕು. ಉಪದೇಶ ಜಾಸ್ತಿಯಾಯಿತು, ಗೊತ್ತು. 4,873 ಕೊಟ್ಟವನಿಗೆ ಅಷ್ಟು ಹಕ್ಕಿರಲಿ.

ಆಟೋ ಡೆಬಿಟ್ ಮತ್ತೆ ಹಾಕಿಸಿದೆ. ಆ ಇಂಪೋರ್ಟನ್ನೂ 'ಹೊಂದಾಣಿಕೆ'ಯನ್ನೂ ಅಳಿಸಿ, ದಿನ ಮೊದಲು ಎಂದು ಆರಿಸಿ, ಜೂನ್ 1ರಿಂದ ಜುಲೈ 21ರವರೆಗಿನ ಫೈಲನ್ನು ಹೊಸದಾಗಿ ಹಾಕಿದೆ. ಕೆಂಪು ಸಾಲು ಒಂದೂ ಇಲ್ಲ. ಆದರೂ 17 ರೂಪಾಯಿ 70 ಪೈಸೆ ವ್ಯತ್ಯಾಸ. ಒಂಬತ್ತರಲ್ಲೂ ಹೋಗಲಿಲ್ಲ. ಎರಡು ಸಂಜೆ ಹುಡುಕಿದೆ. ಫೈಲಿನ ಕೊನೆಯ ಎರಡು ಸಾಲು ಬ್ಯಾಂಕಿನ ಟಿಪ್ಪಣಿ ಇರಬೇಕೆಂದುಕೊಂಡು ಬಿಟ್ಟುಬಿಡು ಅಂದಿದ್ದೆ. ಟಿಪ್ಪಣಿ ಇದ್ದದ್ದು ಒಂದೇ ಸಾಲು. ಇನ್ನೊಂದು, ಮೂರು ತಿಂಗಳ ಎಸ್ಸೆಮ್ಮೆಸ್ ಶುಲ್ಕ 15 ರೂಪಾಯಿ, ಅದರ ಮೇಲಿನ ಜಿಎಸ್‌ಟಿ ಸೇರಿ.