ನಾಣ್ಯದ ಕುಲಗೋತ್ರ ಬಿಲ್ಲಿನಲ್ಲಿರಲಿ

“ಈ ದುಡ್ಡು ಈಗ ಚಲಾವಣೇಲೇ ಇಲ್ವಲ್ಲ ಸಾರ್, ಇದನ್ನ ಖೋಟಾ ನಾಣ್ಯದ ಕೇಸು ಅಂತ ಹೆಂಗೆ ಬರ್ಕೊಳ್ಳೋದು?”

ಮೈಸೂರಿನ ಠಾಣೆಯೊಂದರಲ್ಲಿ ರೈಟರ್ ಕೇಳಿದ ಈ ಪ್ರಶ್ನೆಗೆ ಎದುರು ಕೂತಿದ್ದ ಇಬ್ಬರ ಬಳಿಯೂ ತಕ್ಷಣಕ್ಕೆ ಉತ್ತರವಿರಲಿಲ್ಲ. ಒಬ್ಬರು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಹಿರಿಯರು. ಇನ್ನೊಬ್ಬ ಅವರ ಸೋದರಳಿಯ, ಅಂದರೆ ಈ ಅಂಕಣಕಾರ. ಮೇಜಿನ ಮೇಲಿದ್ದದ್ದು 1939ನೇ ಇಸವಿಯ ಬೆಳ್ಳಿ ರೂಪಾಯಿ. ನಾಣ್ಯ ವ್ಯಾಪಾರಿಯೊಬ್ಬನಿಗೆ ₹45,000 ಕೊಟ್ಟು ಮಾವ ಅದನ್ನು ಕೊಂಡಿದ್ದರು.

ಆರನೇ ಜಾರ್ಜ್ ದೊರೆಯ ತಲೆಯಿರುವ ರೂಪಾಯಿಗಳ ಮೇಲೆ ಕಾಣುವ ಮೊದಲ ಇಸವಿ 1938. ಆ ವರ್ಷದ್ದು ಸಂಗ್ರಾಹಕರಿಗೆ ಸುಲಭವಾಗಿ ಸಿಗುತ್ತದೆ, 1939ರದ್ದು ಬಲು ವಿರಳ. ಮರುವರ್ಷವೇ ರೂಪಾಯಿಯ ಬೆಳ್ಳಿ ಶೇ 91.7ರಿಂದ ಶೇ 50ಕ್ಕೆ ಇಳಿಯಿತು, ಖೋಟಾ ತಡೆಯಲೆಂದು ಅಂಚಿಗೆ ವಿಶೇಷ ಗೀರು ಬಂತು. ಹೀಗಾಗಿ 1939 ಎಂಬ ನಾಲ್ಕು ಅಂಕೆಗಳಿಗೇ ಬೆಲೆ. ನಕಲಿ ಮಾಡುವವರ ಕಣ್ಣೂ ಬೀಳುವುದು ಅಲ್ಲಿಗೇ.

ನಾಣ್ಯವನ್ನು ಪರೀಕ್ಷಿಸಿದವರು ದಶಕಗಳಿಂದ ಸಂಗ್ರಹ ಮಾಡಿಕೊಂಡು ಬಂದಿರುವ ಊರಿನ ಹಿರಿಯರೊಬ್ಬರು. ಮೊದಲು ಚಿಕ್ಕ ತಕ್ಕಡಿಯಲ್ಲಿ ತೂಗಿದರು. ಬ್ರಿಟಿಷ್ ಕಾಲದ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಸವೆತ ಕಳೆದರೆ ತೂಕ ಸರಿಯಿತ್ತು. ಅಂಚಿನಲ್ಲಿ ಎರಕದ ಬೆಸುಗೆ ಗೆರೆ ಇರಲಿಲ್ಲ, ಗೀರುಗಳೂ ಒಂದೇ ಸಮನಾಗಿದ್ದವು. ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ಇಸವಿಯ ಮೇಲೆ ಹಿಡಿದು ಮಾವನನ್ನು ಹತ್ತಿರ ಕರೆದರು. “1939ರಲ್ಲಿ ಎರಡು ಒಂಬತ್ತು ಇವೆ ನೋಡಿ. ಎರಡೂ ಒಂದೇ ಥರ ಇರಬೇಕು.” ಒಂದೇ ಥರ ಇರಲಿಲ್ಲ. ಕೊನೆಯ ಒಂಬತ್ತಿನ ಬಾಲ ತೆಳ್ಳಗಿತ್ತು. ಅದರ ಸುತ್ತಲಿನ ಬೆಳ್ಳಿಯಲ್ಲಿ ಉಜ್ಜಿ ನಯ ಮಾಡಿದ ಸಣ್ಣ ಸಣ್ಣ ಗೆರೆಗಳು ಒಂದೇ ದಿಕ್ಕಿಗೆ ಎದ್ದಿದ್ದವು. ಅಸಲಿ 1938ರ ನಾಣ್ಯದ ಎಂಟನ್ನು ಕೆರೆದು ಒಂಬತ್ತು ಮಾಡಲಾಗಿತ್ತು. ಬೆಳ್ಳಿ ಅಸಲಿ, ಅಚ್ಚು ಅಸಲಿ, ಒಂದು ಅಂಕೆ ಮಾತ್ರ ಸುಳ್ಳು. ತೂಕ ಮತ್ತು ಲೋಹ ನೋಡಿ ಸಮಾಧಾನಪಟ್ಟುಕೊಳ್ಳುವವರು ಇಂಥ ನಾಣ್ಯವನ್ನು ಹಿಡಿಯಲಾರರು.

ಈಗ ಕಾನೂನಿಗೆ ಬರೋಣ. ರೈಟರ್ ಕೇಳಿದ್ದು ಉಡಾಫೆಯ ಮಾತಲ್ಲ, ಅದಕ್ಕೆ ಒಂದೂವರೆ ಶತಮಾನಕ್ಕೂ ಮೀರಿದ ಹಿನ್ನೆಲೆಯಿದೆ. 1860ರ ಭಾರತೀಯ ದಂಡ ಸಂಹಿತೆಯ 230ನೇ ಕಲಂ ನಾಣ್ಯ ಎಂದರೇನು ಎಂದು ವಿವರಿಸುತ್ತಿತ್ತು. ಸದ್ಯ ಹಣವಾಗಿ ಬಳಕೆಯಲ್ಲಿರುವ, ರಾಜ್ಯಾಧಿಕಾರದ ಮುದ್ರೆ ಬಿದ್ದ ಲೋಹವೇ ನಾಣ್ಯ. ಕವಡೆ ನಾಣ್ಯವಲ್ಲ, ಪದಕ ನಾಣ್ಯವಲ್ಲ ಎಂಬ ಉದಾಹರಣೆಗಳೂ ಅಲ್ಲೇ ಇದ್ದವು. ಭಾರತ ಸರ್ಕಾರ ಹೊರಡಿಸಿದ ನಾಣ್ಯಕ್ಕೆ ಮಾತ್ರ ಒಂದು ವಿನಾಯಿತಿ ಇತ್ತು: ಚಲಾವಣೆ ನಿಂತರೂ ಅದು ಕಾನೂನಿನ ಕಣ್ಣಿಗೆ ನಾಣ್ಯವಾಗಿಯೇ ಉಳಿಯುತ್ತಿತ್ತು. ಇದಕ್ಕೆ ಆ ಕಲಂ ಕೊಟ್ಟ ಉದಾಹರಣೆ ಫರೂಕಾಬಾದ್ ರೂಪಾಯಿ. ಇದರರ್ಥ, ವಿಜಯನಗರದ ವರಾಹವನ್ನೋ ಟಿಪ್ಪುವಿನ ಆನೆ ಪೈಸೆಯನ್ನೋ ನಕಲು ಮಾಡಿದವನಿಗೆ ಸಂಹಿತೆಯ ಖೋಟಾ ನಾಣ್ಯದ ಅಧ್ಯಾಯ ತಾಗುತ್ತಿರಲಿಲ್ಲ, ಬ್ರಿಟಿಷ್ ರೂಪಾಯಿಯ ನಕಲಿಗೆ ತಾಗುತ್ತಿತ್ತು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 178ನೇ ಕಲಂ ಖೋಟಾ ನಾಣ್ಯಕ್ಕೆ ಜೀವಾವಧಿಯವರೆಗೆ ಶಿಕ್ಷೆ ಇಟ್ಟಿದೆ. ಆದರೆ ನಾಣ್ಯದ ವ್ಯಾಖ್ಯಾನವನ್ನು ಅದು 2011ರ ನಾಣ್ಯ ಕಾಯ್ದೆಯಿಂದ ಪಡೆದಿದೆ. ಕಾನೂನುಬದ್ಧವಾಗಿ ಚಲಾವಣೆಯಲ್ಲಿರುವುದು, ಸ್ಮರಣಾರ್ಥ ಹೊರಡಿಸಿದ್ದು ಅದರಲ್ಲಿ ಬರುತ್ತವೆ. ಚಲಾವಣೆ ನಿಂತ ಹಳೇ ರೂಪಾಯಿಯನ್ನು ಅದರೊಳಗೆ ಕೂರಿಸುವುದು ಕಷ್ಟ.

ಇದು ನಮ್ಮ ದೇಶದ ತೊಡಕು ಮಾತ್ರವಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಟಲಿಯ ಮಿಲಾನಿನಲ್ಲಿ ಒಬ್ಬ ಇಂಗ್ಲೆಂಡಿನ ಚಿನ್ನದ ಸವರನ್‌ಗಳನ್ನು ಅಚ್ಚು ಹಾಕತೊಡಗಿದ. ಚಿನ್ನದಲ್ಲಿ ಮೋಸವಿಲ್ಲ, ಆದರೆ ನಾಣ್ಯದ ರೂಪಕ್ಕೆ ಮಾರುಕಟ್ಟೆ ಕೊಡುತ್ತಿದ್ದ ಹೆಚ್ಚುವರಿ ಬೆಲೆಯೇ ಅವನ ಲಾಭ. ಅವನು ಸ್ವಿಟ್ಜರ್ಲೆಂಡಿನಲ್ಲಿ ಸಿಕ್ಕಿಬಿದ್ದಾಗ ಅಲ್ಲಿನ ನ್ಯಾಯಾಲಯ, ಸವರನ್ ಆಗ ಚಲಾವಣೆಯ ಹಣವಾಗಿ ಉಳಿದಿಲ್ಲ ಎಂಬ ಕಾರಣಕ್ಕೆ ಅವನನ್ನು ಇಟಲಿಗೆ ಒಪ್ಪಿಸಲು ನಿರಾಕರಿಸಿತು. 1957ರಲ್ಲಿ ಬ್ರಿಟನ್ನಿನ ಟಂಕಸಾಲೆ ಮತ್ತೆ ಸವರನ್ ಅಚ್ಚು ಹಾಕಲು ಶುರುಮಾಡಿದ್ದರ ಹಿಂದೆ ಇಂಥ ಖೋಟಾಗಳನ್ನು ಬಗ್ಗುಬಡಿಯುವ ಉದ್ದೇಶವೂ ಇತ್ತು.

ಹಾಗಾದರೆ ಹಳೇ ನಾಣ್ಯದ ಹೆಸರಿನಲ್ಲಿ ಮೋಸ ಮಾಡಿದವನ ಮೇಲೆ ಹೂಡಬಹುದಾದ ಕ್ರಿಮಿನಲ್ ಕೇಸು ವಂಚನೆಯದು. ನ್ಯಾಯ ಸಂಹಿತೆಯ 318(4)ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಜೈಲು ಮತ್ತು ದಂಡ. ಸುಳ್ಳು ಪ್ರಮಾಣಪತ್ರ ಕೊಟ್ಟಿದ್ದರೆ ನಕಲಿ ದಾಖಲೆ ಸೃಷ್ಟಿಯ ಕಲಂಗಳೂ ಸೇರುತ್ತವೆ. ಆದರೆ ವಂಚನೆ ರುಜುವಾಗಬೇಕಾದರೆ ಮಾರುವ ಹೊತ್ತಿನಲ್ಲೇ ವ್ಯಾಪಾರಿಗೆ ಕೆಟ್ಟ ಉದ್ದೇಶ ಇತ್ತು ಎಂದು ತೋರಿಸಬೇಕು. ಮಾವನ ವ್ಯಾಪಾರಿ ಹೇಳಿದ್ದೇ ಇದು: “ನಂಗೂ ಬೇರೆಯವ್ರು ಅಸಲಿ ಅಂತಾನೇ ಕೊಟ್ಟಿದ್ದು ಯಜಮಾನ್ರೇ, ನಾನೇನು ಮಾಡ್ಲಿ?” ಈ ಒಂದು ಮಾತಿಗೆ ಎದುರಾಗಿ ಅವನ ಮನಸ್ಸಿನಲ್ಲಿದ್ದುದನ್ನು ಸಂಶಯಾತೀತವಾಗಿ ಸಾಬೀತು ಮಾಡುವುದು ಪೊಲೀಸರಿಗೂ ಸುಲಭವಲ್ಲ.

ಗ್ರಾಹಕ ಕಾನೂನಿಗೆ ಆ ಮನಸ್ಸು ಬೇಕಾಗಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಂ ನೇರವಾಗಿದೆ: ವರ್ಣನೆ ಹೇಳಿ ಮಾರಿದ ವಸ್ತು ಆ ವರ್ಣನೆಗೆ ಹೊಂದಲೇಬೇಕು. 1939 ಎಂದು ಹೇಳಿ ಮಾರಿದ್ದು 1938 ಆಗಿದ್ದರೆ ಷರತ್ತು ಮುರಿಯಿತು, ವ್ಯಾಪಾರಿಗೆ ಗೊತ್ತಿತ್ತೋ ಇಲ್ಲವೋ ಎಂಬ ಪ್ರಶ್ನೆ ಏಳುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗಿ, ಸುಳ್ಳು ವರ್ಣನೆಯನ್ನು ಮಾತ್ರವಲ್ಲ, ಬಿಲ್ ಕೊಡದೆ ಇರುವುದನ್ನೂ ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಗೆ ಸೇರಿಸಿದೆ.

ಮಾವನ ಕೈ ಹಿಡಿದದ್ದು ಬ್ಯಾಂಕಿನಲ್ಲಿ ಬೆಳೆಸಿಕೊಂಡ ಅಭ್ಯಾಸ. ರಸೀದಿ ಇಲ್ಲದೆ ದುಡ್ಡು ಕೊಡುವವರಲ್ಲ ಅವರು. ವ್ಯಾಪಾರಿ ಬಿಲ್ಲಿನಲ್ಲಿ “ಹಳೇ ನಾಣ್ಯ ಒಂದು” ಎಂದಷ್ಟೇ ಬರೆದಿದ್ದಾಗ, “ಇಸವಿ ಬರೀರಿ, ಅಸಲಿ ಅಂತಾನೂ ಬರೀರಿ” ಎಂದು ಪಟ್ಟು ಹಿಡಿದು ಬರೆಸಿಕೊಂಡಿದ್ದರು. ಹಣವನ್ನೂ ಯುಪಿಐ ಮೂಲಕವೇ ಕಳಿಸಿದ್ದರು. ಆ ಒಂದು ಸಾಲಿನ ಬಲದ ಮೇಲೆ ವಕೀಲರ ನೋಟಿಸ್ ಹೋಯಿತು, ಉತ್ತರ ಬರಲಿಲ್ಲ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಾಗಿ ಅಲ್ಲಿಂದ ನೋಟಿಸ್ ಹೋದ ಮೇಲೆ ವ್ಯಾಪಾರಿ ರಾಜಿಗೆ ಬಂದು ಪೂರ್ತಿ ಹಣ ಮರಳಿಸಿದ.

ಈ ದಾರಿ ಹಿಡಿಯುವವರು ಕೆಲವು ಸಂಗತಿ ತಿಳಿದಿರಬೇಕು. ಕೊಟ್ಟ ಹಣ ₹50 ಲಕ್ಷದೊಳಗಿದ್ದರೆ ದೂರು ಜಿಲ್ಲಾ ಆಯೋಗಕ್ಕೆ. ₹5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ವ್ಯಾಪಾರಿ ದೆಹಲಿಯಲ್ಲಿದ್ದರೂ ಕೊಂಡವರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅವಧಿ ಎರಡು ವರ್ಷ. ನಾಣ್ಯವನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸುವ ಅಧಿಕಾರ ಆಯೋಗಕ್ಕಿದೆ, ಆದ್ದರಿಂದ ನಾಣ್ಯವನ್ನು ತಿಕ್ಕಿ ತೊಳೆಯದೆ, ಕೊಂಡಾಗ ಇದ್ದಂತೆಯೇ ಲಕೋಟೆಯಲ್ಲಿ ಇಟ್ಟುಕೊಳ್ಳಬೇಕು. ಆನ್‌ಲೈನಿನಲ್ಲಿ ಕೊಂಡಿದ್ದರೆ ಆ ಮಾರಾಟ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರಿಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಮೊದಲ ಹೆಜ್ಜೆಯಾಗಿ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಒಂದು ಎಚ್ಚರವೂ ಬೇಕು. ಮರುಮಾರಾಟಕ್ಕೆಂದು ಕೊಂಡವರು ಈ ಕಾಯ್ದೆಯ ಪ್ರಕಾರ ಗ್ರಾಹಕರಲ್ಲ. “ಹೂಡಿಕೆಗೆ ಒಳ್ಳೇದು, ಆರು ತಿಂಗಳಿಗೆ ಡಬಲ್ ಬೆಲೆಗೆ ಮಾರಬಹುದು” ಎಂಬ ಮಾತುಕತೆ ವಾಟ್ಸ್ಆ್ಯಪ್‌ನಲ್ಲಿ ಉಳಿದಿದ್ದರೆ ಎದುರು ವಕೀಲರು ಅದನ್ನೇ ಎತ್ತಿ ಹಿಡಿಯುತ್ತಾರೆ.

ಇನ್ನೊಂದು ಬಗೆಯ ಮೋಸಕ್ಕೆ ಮೂಲ ನಾಣ್ಯವೇ ಇಲ್ಲ. ಒಂದು ಕಡೆ ರಾಮ, ಸೀತೆ, ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು ಮತ್ತು 1818 ಎಂಬ ಇಸವಿ ಇರುವ ತಾಮ್ರದ ಬಿಲ್ಲೆಗಳು ಜಾತ್ರೆ, ಸಂತೆ, ಮೊಬೈಲುಗಳಲ್ಲೆಲ್ಲ ಓಡಾಡುತ್ತವೆ. ಕಂಪನಿಯ ಯಾವ ಟಂಕಸಾಲೆಯೂ ಅವನ್ನು ಅಚ್ಚು ಹಾಕಿರಲಿಲ್ಲ. ಅವು ಅಕ್ಕಿಯನ್ನು ಎಳೆಯುತ್ತವೆ, ಕೋಟಿಗೆ ಮಾರಾಟವಾಗುತ್ತವೆ ಎಂದು ನಂಬಿಸುವ “ರೈಸ್ ಪುಲ್ಲಿಂಗ್” ದಂಧೆಯಲ್ಲಿ ಕರ್ನಾಟಕದ ಎಷ್ಟೋ ಕುಟುಂಬಗಳು ಹೊಲ ಮಾರಿದ ದುಡ್ಡು ಕಳೆದುಕೊಂಡಿವೆ. ಹಳೇ ನಾಣ್ಯ ಕೊಳ್ಳುತ್ತೇವೆ, ಮೊದಲು ತೆರಿಗೆ ಮತ್ತು ಕಮಿಷನ್ ಕಟ್ಟಿ ಎನ್ನುವವರದು ಇದರದೇ ಇನ್ನೊಂದು ರೂಪ. ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ಬಳಸಿ ನಡೆಯುವ ಈ ವಂಚನೆ ಬಗ್ಗೆ 2021ರ ಆಗಸ್ಟ್‌ನಲ್ಲಿ ಬ್ಯಾಂಕೇ ಎಚ್ಚರಿಕೆ ಕೊಟ್ಟಿತು. ತಾನು ಇಂಥ ವ್ಯವಹಾರ ನಡೆಸುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟಪಡಿಸಿತು. ಆನ್‌ಲೈನಿನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930 ಎಂಬ ಸೈಬರ್ ವಂಚನೆ ಸಹಾಯವಾಣಿಗೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಟಿಪ್ಪುವಿನ ಪೈಸೆ, ಹೈದರನ ಪಗೋಡ ಮಾರಲು ಬಂದವರಿಗೆ ಮೊದಲು ಕೇಳಬೇಕಾದ್ದು ಪರವಾನಗಿಯ ಸಂಖ್ಯೆ.

ಮಾವನ ಹಣ ಬಂತು. ನಾಣ್ಯ ಮಾತ್ರ ವ್ಯಾಪಾರಿಯ ಕೈಗೆ ವಾಪಸ್ ಹೋಯಿತು. ಅದನ್ನು ಅವನು ಇನ್ನೊಬ್ಬರಿಗೆ ಮಾರದಂತೆ ತಡೆಯುವ ಷರತ್ತು ರಾಜಿಪತ್ರದಲ್ಲಿ ಇರಲಿಲ್ಲ, ಹಾಕಿಸಲು ಮಾವ ಕೇಳಿಕೊಂಡರೂ ಆತ ಒಪ್ಪಲಿಲ್ಲ. ಈ ಪ್ರಕರಣದಲ್ಲಿ ಅಂಕಣಕಾರನನ್ನು ಇಂದಿಗೂ ಕಾಡುವುದು ಇದೇ. ಒಬ್ಬ ಗ್ರಾಹಕನಿಗೆ ನ್ಯಾಯ ಸಿಕ್ಕಿತು, ಮುಂದಿನ ಗ್ರಾಹಕನಿಗೆ ರಕ್ಷಣೆ ಸಿಗಲಿಲ್ಲ.

ಅಮೆರಿಕ ಈ ಕಂಡಿಯನ್ನು 1973ರಲ್ಲೇ ಮುಚ್ಚಲು ಹೊರಟಿತು. ಅಲ್ಲಿನ ಹವ್ಯಾಸ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಂಗ್ರಹದ ನಾಣ್ಯದ ಪ್ರತಿಕೃತಿ ತಯಾರಿಸುವವರು, ಆಮದು ಮಾಡುವವರು ಅದರ ಮೈಮೇಲೆ “ಕಾಪಿ” ಎಂಬ ಪದವನ್ನು ಅಳಿಸಲಾಗದಂತೆ ಒತ್ತಲೇಬೇಕು. 2014ರ ಡಿಸೆಂಬರ್‌ನಲ್ಲಿ ಬಂದ ತಿದ್ದುಪಡಿ, ಮುದ್ರೆಯಿಲ್ಲದ ಪ್ರತಿಕೃತಿಯನ್ನು ಮಾರುವವರನ್ನೂ ಅವರಿಗೆ ಗೊತ್ತಿದ್ದೂ ನೆರವಾಗುವವರನ್ನೂ ಹೊಣೆಗಾರರನ್ನಾಗಿ ಮಾಡಿತು. ನಾಣ್ಯ ಪರೀಕ್ಷಿಸಿ ಮೊಹರು ಹಾಕುವ ಸಂಸ್ಥೆಗಳ ಗುರುತನ್ನು ಕದಿಯುವುದೂ ಅದರ ವ್ಯಾಪ್ತಿಗೆ ಬಂತು. ಮೋಸ ಹೋದವರು ಸರ್ಕಾರಕ್ಕಾಗಿ ಕಾಯದೆ ನೇರವಾಗಿ ಮೊಕದ್ದಮೆ ಹೂಡಬಹುದು.

ಭಾರತದಲ್ಲಿ ಸಂಗ್ರಾಹಕರಿಗಾಗಿಯೇ ರೂಪಿಸಿದ ಇಂಥ ಕಾನೂನು ಇಲ್ಲ. ಇದಕ್ಕೆ ದೊಡ್ಡ ವೆಚ್ಚವಿಲ್ಲ, ಹೊಸ ಇಲಾಖೆಯೂ ಬೇಕಿಲ್ಲ. ಪ್ರತಿಕೃತಿ ಮಾಡುವವರು ಮಾಡಲಿ, ಅದರ ಮೇಲೆ “ನಕಲು” ಎಂದು ಒತ್ತಲಿ, ಒತ್ತದೆ ಮಾರಿದವರಿಗೆ ದಂಡ ಬೀಳಲಿ. ನಾಡಿನ ನಾಣ್ಯ ಸಂಘಗಳು ತಮ್ಮ ಪ್ರದರ್ಶನಗಳಲ್ಲಿ ಮಳಿಗೆ ಹಾಕುವ ವ್ಯಾಪಾರಿಗಳಿಗೆ ಇಸವಿ, ಟಂಕಸಾಲೆ, ಲೋಹ, ತೂಕ ಬರೆದ ಬಿಲ್ ಕಡ್ಡಾಯ ಎಂದು ಈಗಲೇ ಷರತ್ತು ಹಾಕಬಹುದು, ಅದಕ್ಕೆ ಯಾವ ಕಾಯ್ದೆಯೂ ಬರಬೇಕಾಗಿಲ್ಲ. ಒಬ್ಬನೇ ವ್ಯಾಪಾರಿಯಿಂದ ಹಲವರು ಮೋಸ ಹೋಗಿದ್ದರೆ ಒಟ್ಟಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ದೂರು ಕೊಡಿ. ಸುಳ್ಳು ಜಾಹೀರಾತಿಗೆ ₹10 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಅದಕ್ಕಿದೆ. ನಕಲಿ ಎಂದು ಗೊತ್ತಾದ ಮೇಲೆ ನಾಚಿಕೆಯಿಂದ ನಾಣ್ಯವನ್ನು ಬೀರುವಿನಲ್ಲಿ ಬಚ್ಚಿಡಬೇಡಿ. ಎರಡು ವರ್ಷದ ಗಡುವಿನೊಳಗೆ, ಬಿಲ್ಲಿನ ಸಮೇತ, ದೂರು ದಾಖಲಿಸಿ.