ಕೇರಂ ಅಭ್ಯಾಸ: ಬೆರಳಿಗೂ ಬೇಕು ಬಿಡುವು

ಕಳೆದ ಮಳೆಗಾಲದಲ್ಲಿ ಗುಂಡ್ಲುಪೇಟೆ ಕಡೆಯ ರೈತರೊಬ್ಬರು ಕಾಲೇಜು ಓದುವ ಮಗನನ್ನು ಚಾಮರಾಜನಗರದ ನನ್ನ ಕ್ಲಿನಿಕ್ಕಿಗೆ ಕರೆತಂದರು. ಹುಡುಗನಿಗೆ ಬಲ ಮೊಣಕೈನ ಹೊರಬದಿಯಲ್ಲಿ ನೋವು. ಚೆಂಡು ಹೂವು ಕೀಳಲು ಆಗದು, ಹಾಲು ಕರೆಯಲು ಆಗದು, ನೀರಿನ ಬಿಂದಿಗೆ ಎತ್ತಿದರೆ ಕೈ ಸೋಲುತ್ತದೆ. ಬಿದ್ದಿಲ್ಲ, ಪೆಟ್ಟಾಗಿಲ್ಲ. "ಗಣೇಶನ ಹಬ್ಬದ ಪಂದ್ಯ ಅಂತ ಹಗ್ಲೂ ರಾತ್ರಿ ಕೇರಂ ಬೋರ್ಡ್ ಮುಂದೇನೇ ಸ್ವಾಮಿ, ಒಲೆಗೆ ಹಾಕ್ಬುಡ್ತೀನಿ" ಎಂದರು ತಂದೆ.

ಬೋರ್ಡಿನ ತಪ್ಪೇನೂ ಇಲ್ಲ. ತಪ್ಪಿರುವುದು ಅಭ್ಯಾಸದ ರೀತಿಯಲ್ಲಿ.

ಬೆರಳನ್ನು ಚಿಮ್ಮಿಸುವ ಮುಖ್ಯ ಸ್ನಾಯು ಬೆರಳಿನಲ್ಲಿಲ್ಲ, ಮುಂಗೈಯಲ್ಲಿದೆ. ಅದರ ಬುಡ ಮೊಣಕೈನ ಹೊರಬದಿಯ ಎಲುಬಿಗೆ ಅಂಟಿಕೊಂಡಿದೆ. ಗಂಟೆಗಟ್ಟಲೆ ಜೋರಾಗಿ ಹೊಡೆದರೆ ಆ ಬುಡ ದಣಿದು ನೋಯುತ್ತದೆ. ಇದನ್ನು 'ಟೆನಿಸ್ ಎಲ್ಬೋ' ಎನ್ನುತ್ತೇವೆ. ಟೆನಿಸ್ ಬ್ಯಾಟನ್ನು ಮುಟ್ಟದವರಿಗೂ ಇದು ಬರುತ್ತದೆ.

ನಿಯಮದ ಪ್ರಕಾರ ಸ್ಟ್ರೈಕರ್ 15 ಗ್ರಾಂ ಮೀರುವಂತಿಲ್ಲ. ಇಷ್ಟು ಹಗುರವಾದ ಬಿಲ್ಲೆಗೆ ತೋಳಿನ ಬಲ ಬೇಕಿಲ್ಲ, ಗುರಿ ಬೇಕು. ಅಭ್ಯಾಸವನ್ನು ಹೀಗೆ ಮಾಡಿ:

1. ಮೊದಲ ಐದು ನಿಮಿಷ ಹತ್ತಿರದ ಕಾಯಿಗಳನ್ನು ಮೆಲ್ಲಗೆ ಹಾಕಿ. ಜೋರಿನ ಹೊಡೆತ ಕೊನೆಗಿರಲಿ.

2. ಉಳಿದ ಬೆರಳುಗಳನ್ನು ಬೋರ್ಡಿನ ಮೇಲೆ ಹಗುರವಾಗಿ ಊರಿ. ಹೊಡೆಯುವ ಬೆರಳನ್ನು ಸ್ಟ್ರೈಕರಿಗೆ ತೀರಾ ಹತ್ತಿರವಿಟ್ಟು ಚಿಮ್ಮಿ. ದೂರದಿಂದ ಬೀಸಿ ಹೊಡೆದರೆ ಉಗುರಿನಡಿ ರಕ್ತ ಕಟ್ಟಬಹುದು.

3. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಐದು ನಿಮಿಷ ಓಡಾಡಿ. ಮುಷ್ಟಿ ಬಿಚ್ಚಿ ಮುಚ್ಚಿ, ಕತ್ತನ್ನು ನಿಧಾನವಾಗಿ ತಿರುಗಿಸಿ.

4. ಜಗಲಿಯ ಮೇಲೆ ಕುಕ್ಕರುಗಾಲಿನಲ್ಲಿ ಬಾಗಿ ಆಡಬೇಡಿ. ಪಂದ್ಯಗಳಲ್ಲಿ ಬೋರ್ಡಿನ ಸ್ಟ್ಯಾಂಡ್ 63ರಿಂದ 70 ಸೆಂ.ಮೀ. ಎತ್ತರವಿರುತ್ತದೆ. ಮನೆಯಲ್ಲೂ ಅಂತಹ ಸ್ಟೂಲಿನ ಮೇಲೆ ಬೋರ್ಡ್ ಇಟ್ಟು ಕುರ್ಚಿಯಲ್ಲಿ ಕುಳಿತರೆ ಬೆನ್ನು, ಕತ್ತಿಗೆ ಹಿತ.

5. ನೋವು ಬಂದ ದಿನ ಆಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಡಿ. ನೋವಿನ ಮಾತ್ರೆ ನುಂಗಿ ಆಡುವುದು ಬೇಡ.

ಬೆರಳು ಮಡಚಿದಲ್ಲೇ ಸಿಕ್ಕಿಕೊಂಡರೆ, ಅದರ ತುದಿ ನೇರವಾಗದಿದ್ದರೆ, ಕೈ ಜೋಮು ಹಿಡಿದರೆ, ಎರಡು ವಾರದಲ್ಲೂ ನೋವು ಇಳಿಯದಿದ್ದರೆ ವೈದ್ಯರನ್ನು ಕಾಣಿ.

ತಾಯಂದಿರಿಗೊಂದು ಮಾತು. ಬೋರ್ಡಿಗೆ ಉದುರಿಸುವ ಬೋರಿಕ್ ಪೌಡರ್ ಹೊಟ್ಟೆಗೆ ಹೋದರೆ ವಿಷ. ಅದು ಮಗುವಿನ ಮೈಗೆ ಹಚ್ಚುವ ಪೌಡರ್ ಅಲ್ಲ, ಗಾಯಕ್ಕೂ ಹಾಕಬಾರದು. ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದಂತೆ ಇಡಿ, ಆಟ ಮುಗಿದ ಮೇಲೆ ಕೈ ತೊಳೆಯಿರಿ. ಮಗು ತಿಂದುಬಿಟ್ಟರೆ ವಾಂತಿ ಮಾಡಿಸಲು ಹೋಗದೆ, ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಆ ಹುಡುಗನಿಗೆ ನಾನು ಹೇಳಿದ್ದು ಬಿಡುವು ಮತ್ತು ಮುಂಗೈಗೆ ಸರಳ ವ್ಯಾಯಾಮ. ಇಂತಹ ನೋವು ವಾಸಿಯಾಗಲು ವಾರಗಳಲ್ಲ, ಕೆಲವೊಮ್ಮೆ ತಿಂಗಳುಗಳೇ ಬೇಕು. ಹಬ್ಬದ ಪಂದ್ಯದಲ್ಲಿ ಅವನು ಆಡಲಿಲ್ಲ, ಪಕ್ಕದಲ್ಲಿ ಕುಳಿತು ಅಂಕ ಬರೆದ. ಬೇಸರವಾಗಿತ್ತೆಂದು ಆಮೇಲೆ ಹೇಳಿದ. ಈಗ ದಿನಕ್ಕೆ ಅರ್ಧ ಗಂಟೆ ಆಡುತ್ತಾನೆ, ಮನೆಯ ಹಸುವಿನ ಹಾಲನ್ನೂ ಕರೆಯುತ್ತಾನೆ. ತಂದೆ ಬೋರ್ಡನ್ನು ಒಲೆಗೆ ಹಾಕಲಿಲ್ಲ.